ಮರಣಶಾಸನ ಮತ್ತು ಅಪರಿಗ್ರಹ: ಸಹಧರ್ಮಿಣಿಯ ಪಾಲು

ಕನ್ನಡದಲ್ಲಿ ಮರಣಶಾಸನ ಅಥವಾ ಉಯಿಲು, ಮರಾಠಿಯಲ್ಲಿ ಮೃತ್ಯುಪತ್ರ. ಸೊಲ್ಲಾಪುರ, ಅಕ್ಕಲಕೋಟೆ, ಜತ್ತ ಪ್ರದೇಶದ ಜೈನ ಮನೆಗಳಲ್ಲಿ ಎರಡು ಭಾಷೆಗಳೂ ಬಳಕೆಯಲ್ಲಿವೆ. ಆದರೆ ಈ ವಿಷಯವನ್ನು ಎರಡರಲ್ಲಿಯೂ ಎತ್ತುವವರು ವಿರಳ. ಅದು ಅಮಂಗಳವೆಂಬ ಅಳುಕು. ದ್ವಾದಶಾನುಪ್ರೇಕ್ಷೆಗಳಲ್ಲಿ ಮೊದಲಿಗೇ ಅನಿತ್ಯವನ್ನು ಚಿಂತಿಸುವ ಶ್ರಾವಕನಿಗೆ ಮರಣದ ಮಾತು ಅಮಂಗಳವಾಗಬೇಕಿಲ್ಲ. ನಿಜವಾದ ಪ್ರಶ್ನೆ ಬೇರೆ: ವಿವಾಹಿತನಾದ ಗೃಹಸ್ಥನು ‘ನನ್ನದು’ ಎಂದು ಬರೆಯುವ ಆಸ್ತಿಯಲ್ಲಿ ಅವನದೆಷ್ಟು?

9ನೆಯ ಶತಮಾನದ ಜಿನಸೇನಾಚಾರ್ಯರ ಸಂಸ್ಕೃತ ಆದಿಪುರಾಣದ 38ನೆಯ ಪರ್ವದಲ್ಲಿ ‘ಗೃಹತ್ಯಾಗ’ ಕ್ರಿಯೆಯ ವಿಧಾನವಿದೆ. ಮನೆಯನ್ನು ತೊರೆಯುವ ಗೃಹಸ್ಥನು ಸಮ್ಮತರಾದ ಜನರನ್ನು ಕರೆಸಿ, ಅವರ ಸಾಕ್ಷಿಯಾಗಿ ಮಗನಿಗೆ ಎಲ್ಲವನ್ನೂ ಒಪ್ಪಿಸುತ್ತಾನೆ. ದ್ರವ್ಯದ ಒಂದು ಭಾಗ ಧರ್ಮಕಾರ್ಯಕ್ಕೆ, ಒಂದು ಭಾಗ ಮನೆಯ ವೆಚ್ಚಕ್ಕೆ, ಮತ್ತೊಂದು ಒಡಹುಟ್ಟಿದವರ ಹಂಚಿಕೆಗೆ. ಅದರಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು. ಕೂಡುಕುಟುಂಬದ ಆಸ್ತಿಯಲ್ಲಿ ಹೆಣ್ಣುಮಕ್ಕಳಿಗೆ ಸಮಾನ ಹಕ್ಕನ್ನು ದೇಶದ ಕಾನೂನು ಕೊಟ್ಟದ್ದು 2005ರ ತಿದ್ದುಪಡಿಯಿಂದ. ಆದರೆ ಆ ಮೂರು ಭಾಗಗಳಲ್ಲಿ ಪತ್ನಿಯ ಹೆಸರು ಪ್ರತ್ಯೇಕವಾಗಿಲ್ಲ; ಮನೆಯ ಭಾಗದಲ್ಲಿ ಅವಳೂ ಅಡಗಿದ್ದಾಳೆ. ಇಂದಿನ ಗೃಹಸ್ಥನು ವಿವೇಚಿಸಬೇಕಾದುದು ಇದನ್ನೇ.

ಜೈನರಿಗೂ ಅನ್ವಯಿಸುವ 1956ರ ಹಿಂದೂ ಉತ್ತರಾಧಿಕಾರ ಅಧಿನಿಯಮದಂತೆ, ಉಯಿಲು ಬರೆಯದೆ ಗತಿಸಿದ ಪುರುಷನ ಸ್ವಾರ್ಜಿತ ಆಸ್ತಿಯು ಪತ್ನಿ, ತಾಯಿ ಹಾಗೂ ಮಕ್ಕಳಿಗೆ ಸಮನಾಗಿ ಸಲ್ಲುತ್ತದೆ. ಎಲ್ಲವೂ ಪತ್ನಿಗೇ ಬರುತ್ತದೆಂಬುದು ತಪ್ಪು ತಿಳಿವಳಿಕೆ. ಉಯಿಲು ಬರೆದರೆ ಅದನ್ನು ಯಾರಿಗಾದರೂ ಕೊಡಬಹುದು. ಎಂದರೆ, ಕಾನೂನು ತಾನಾಗಿ ಕೊಡುತ್ತಿದ್ದ ಪಾಲನ್ನು ಪತಿಯ ಲೇಖನಿ ಕಸಿಯಲೂಬಹುದು. ಹೊಲ ಮನೆಗಳನ್ನೆಲ್ಲ ಗಂಡುಮಕ್ಕಳಿಗೆ ಬರೆದು, ಕೊನೆಗೆ ‘ಮಕ್ಕಳು ತಾಯಿಯನ್ನು ನೋಡಿಕೊಳ್ಳತಕ್ಕದ್ದು’ ಎಂಬ ಒಂದು ಸಾಲು ಸೇರಿಸುವುದು ಇಂತಹ ಲೇಖನಿಯೇ. ನಾಲ್ಕು ದಶಕ ಆ ಹೊಲದಲ್ಲಿ ದುಡಿದವಳು ಅಂದಿನಿಂದ ಕೈಚಾಚಿ ಬದುಕಬೇಕಾಗುತ್ತದೆ.

ಮಕ್ಕಳು ಒಳ್ಳೆಯವರು, ಸಂಶಯವೇಕೆ ಎಂದು ಕೇಳಬಹುದು. ಒಳ್ಳೆಯ ಮಕ್ಕಳಿಗೆ ತಾಯಿಯ ಹೆಸರಿನ ಆಸ್ತಿಯು ಭಾರವಾಗದು. ಅಲ್ಲದವರಿಂದ ಅದು ಅವಳನ್ನು ಕಾಯುತ್ತದೆ. ಪತ್ನಿಯು ಜೀವಿತಾವಧಿಯವರೆಗೆ ಅನುಭವಿಸಲಿ, ಮಾರಬಾರದು ಎಂಬ ಷರತ್ತೂ ಉಂಟು. ಬಂಧುಗಳ ಒತ್ತಾಯದಿಂದ ಅವಳನ್ನು ರಕ್ಷಿಸುವುದಾದರೆ ಅದು ಕರುಣೆ. ತಾನಿಲ್ಲದಾಗಲೂ ತನ್ನ ಇಚ್ಛೆಯೇ ನಡೆಯಬೇಕೆಂಬುದಾದರೆ, ದೇಹ ಬಿಟ್ಟರೂ ಬಿಡದ ಪರಿಗ್ರಹ.

ಸಂಪ್ರದಾಯವೂ ಇದಕ್ಕೆ ವಿರುದ್ಧವಲ್ಲ. ಪುತ್ರಸಂತಾನವಿಲ್ಲದ ಜೈನ ವಿಧವೆಗೆ ಪತಿಯ ಸ್ವಾರ್ಜಿತದಲ್ಲಿ ಪೂರ್ಣಾಧಿಕಾರವುಂಟೆಂಬ ರೂಢಿಯನ್ನು ಪ್ರೀವಿ ಕೌನ್ಸಿಲ್ 1878ರಲ್ಲಿಯೇ ಮನ್ನಿಸಿತ್ತು.

ಶ್ರಾವಿಕೆಯೂ ತನ್ನ ಉಯಿಲನ್ನು ಬರೆಯುವುದು ಯುಕ್ತ. ಪತಿಯಾಗಲಿ ಮಕ್ಕಳಾಗಲಿ ಇಲ್ಲದ ಸ್ತ್ರೀಯು ಬರೆಯದೆ ಗತಿಸಿದರೆ, ಅವಳ ಸ್ವಂತ ಗಳಿಕೆಯು ತಂದೆತಾಯಿಗಳಿಗಿಂತ ಮೊದಲು ಪತಿಯ ವಾರಸುದಾರರಿಗೆ ಹೋಗುತ್ತದೆ.

ವಿಧಾನ ಸರಳ. ಬರೆದವರ ಸಹಿ, ಕನಿಷ್ಠ ಇಬ್ಬರು ಸಾಕ್ಷಿಗಳ ಸಹಿ ಬೇಕು; ನೋಂದಣಿ ಕಡ್ಡಾಯವಲ್ಲದಿದ್ದರೂ ಉಪಯುಕ್ತ. ಜೈನರಲ್ಲಿ ವಿವಾಹದಿಂದ ಹಿಂದಿನ ಉಯಿಲು ರದ್ದಾಗದು. ಆದುದರಿಂದ ಅವಿವಾಹಿತರಾಗಿದ್ದಾಗ ಬರೆದುದನ್ನು ವಿವಾಹಾನಂತರ ಪುನಃ ಪರಿಶೀಲಿಸಬೇಕು. ಕನ್ನಡದಲ್ಲಿ ಬರೆದ ಪತ್ರವನ್ನು ಮರಾಠಿ ಮಾತ್ರ ಓದಬಲ್ಲ ಮಕ್ಕಳಿಗೆ ಬದುಕಿದ್ದಾಗಲೇ ಓದಿ ಹೇಳುವುದು ಲೇಸು.

ಸಲ್ಲೇಖನ ಕೈಗೊಳ್ಳುವವನು ಸ್ನೇಹ, ವೈರ, ಪರಿಗ್ರಹಗಳನ್ನು ತೊರೆದು ಸ್ವಜನರ ಕ್ಷಮೆ ಬೇಡಬೇಕೆಂದು ಸಮಂತಭದ್ರಾಚಾರ್ಯರು ವಿಧಿಸಿದ್ದಾರೆ. ಸಹಧರ್ಮಿಣಿಯನ್ನು ನಿರಾಶ್ರಿತಳನ್ನಾಗಿಸುವ ಪತ್ರಕ್ಕೆ ಸಹಿ ಹಾಕಿದ ಕೈಯಿಂದ ಅವಳಲ್ಲಿ ಕ್ಷಮೆ ಬೇಡುವುದೆಂತು? ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು, ಕೇಳಿ, ಬರೆದ ಉಯಿಲು ಗೃಹಸ್ಥನ ತ್ಯಾಗದ ಮೊದಲ ಹೆಜ್ಜೆ.