ಚೆಲ್ಲಿದ ಕಾಫಿಗೆ ಹೊಣೆ ಯಾರು?

ಕೈತಪ್ಪಿ ಆದ ನಷ್ಟಕ್ಕೆ ನಾವು ದೇವರ ಮುಂದೆ ಹೊಣೆಗಾರರೇ? ಕುಟುಂಬಗಳಲ್ಲಿ ಆಗಾಗ ಏಳುವ ಪ್ರಶ್ನೆ ಇದು. ಸೆಮಿನರಿಯಲ್ಲಿ ನೀತಿಶಾಸ್ತ್ರ ಕಲಿಸುವ ಗುರುಗಳು ಒಂದು ಪ್ರಕರಣವನ್ನು ಮುಂದಿಟ್ಟು "ತೀರ್ಪು ಹೇಳಿ" ಎನ್ನುವುದು ವಾಡಿಕೆ. ಅದೇ ಕ್ರಮದಲ್ಲಿ ಇಂದು ಒಂದು ಪ್ರಕರಣವನ್ನು ಓದುಗರ ಮುಂದಿಡುತ್ತೇನೆ. ಇದು ಯಾರ ಮನೆಯ ಕಥೆಯೂ ಅಲ್ಲ. ಆದರೆ ಯಾರ ಮನೆಯಲ್ಲಾದರೂ ನಡೆಯಬಹುದಾದದ್ದು.

ಪಿಯುಸಿ ಓದುವ ಹುಡುಗನೊಬ್ಬ ಸಿಇಟಿ ಅರ್ಜಿ ತುಂಬಲು ಪಕ್ಕದ ಮನೆಗೆ ಹೋಗುತ್ತಾನೆ. ಅಲ್ಲಿ ಕಂಪ್ಯೂಟರ್ ಇದೆ, ಅವನ ಮನೆಯಲ್ಲಿಲ್ಲ. ಮನೆಯೊಡತಿ ಅಕ್ಕರೆಯಿಂದ ಕಾಫಿ ತರುತ್ತಾರೆ. ಮೇಜಿನ ತುಂಬ ಕಾಗದ ಹರಡಿರುವುದರಿಂದ ಲೋಟವನ್ನು ಕಂಪ್ಯೂಟರಿನ ಪೆಟ್ಟಿಗೆಯ ಮೇಲೆಯೇ ಇಟ್ಟು ಅಡುಗೆಮನೆಗೆ ಮರಳುತ್ತಾರೆ. ಹುಡುಗನ ಮೊಣಕೈ ತಗುಲಿ ಲೋಟ ಉರುಳುತ್ತದೆ. ಅರ್ಧ ಲೋಟ ಕಾಫಿ ಗಾಳಿಕಿಂಡಿಗಳಿಂದ ಒಳಗಿಳಿಯುತ್ತದೆ. ಯಂತ್ರ ಮಾತ್ರ ನಿಲ್ಲುವುದಿಲ್ಲ. ಹುಡುಗ ಗಡಿಬಿಡಿಯಲ್ಲಿ ಅರ್ಜಿ ಮುಗಿಸಿ, ಯಂತ್ರವನ್ನು ಶಟ್ ಡೌನ್ ಮಾಡಿ, ಕರವಸ್ತ್ರದಿಂದ ಮೇಲ್ಭಾಗ ಒರೆಸಿ, "ಬರ್ತೀನಿ ಆಂಟಿ" ಎಂದು ಹೊರಟುಹೋಗುತ್ತಾನೆ. ರಾತ್ರಿ ಯಜಮಾನರು ಗುಂಡಿ ಒತ್ತಿದಾಗ ಸುಟ್ಟ ವಾಸನೆ ಬರುತ್ತದೆ. ಮಧ್ಯಾಹ್ನ ನೆಲ ಒರೆಸಿದ ಕೆಲಸದಾಕೆಯೇ ನೀರು ಎರಚಿರಬೇಕೆಂದು ತೀರ್ಮಾನವಾಗುತ್ತದೆ. ಆಕೆಯ ತಿಂಗಳ ಸಂಬಳದಲ್ಲಿ 1,000 ರೂಪಾಯಿ ಹಿಡಿಯಲಾಗುತ್ತದೆ. ಹುಡುಗನಿಗೆ ಈ ಸುದ್ದಿಯೂ ತಲುಪುತ್ತದೆ.

ತೀರ್ಪು ಹೇಳುವ ಮುನ್ನ ಆ ಪೆಟ್ಟಿಗೆಯೊಳಗೆ ನಡೆದದ್ದೇನು ಎಂಬುದನ್ನು ತಿಳಿಯುವುದು ಒಳಿತು. ಶುದ್ಧ ನೀರಿನಲ್ಲಿ ವಿದ್ಯುತ್ತು ಅಷ್ಟಾಗಿ ಹರಿಯದು. ಕರಗಿದ ಲವಣಗಳಿದ್ದರೆ ಹರಿಯುತ್ತದೆ. ಹಾಲು ಬೆರೆತ ಕಾಫಿಯಲ್ಲಿ ಲವಣಗಳಿವೆ, ಸಕ್ಕರೆಯೋ ಒಣಗಿದ ಮೇಲೂ ಅಂಟಾಗಿ ಉಳಿಯುತ್ತದೆ. ಇನ್ನೊಂದು ವಿಷಯ ಬಹಳ ಮಂದಿಗೆ ತಿಳಿದಿಲ್ಲ. ಶಟ್ ಡೌನ್ ಮಾಡಿದ ಮಾತ್ರಕ್ಕೆ ಕಂಪ್ಯೂಟರ್ ಪೂರ್ತಿ ಆರುವುದಿಲ್ಲ. ಪ್ಲಗ್ಗು ಗೋಡೆಯಲ್ಲಿದ್ದು ಸ್ವಿಚ್ಚು ಹಾಕಿರುವವರೆಗೆ ಮದರ್ ಬೋರ್ಡಿಗೆ 5 ವೋಲ್ಟ್ ವಿದ್ಯುತ್ತು ಹರಿಯುತ್ತಲೇ ಇರುತ್ತದೆ. ತೇವವೂ ವಿದ್ಯುತ್ತೂ ಕೂಡಿದಲ್ಲಿ ತಾಮ್ರದ ಸಣ್ಣ ಎಳೆಗಳು ಗಂಟೆಗಟ್ಟಲೆ ಸವೆಯುತ್ತವೆ. ಅಂದರೆ ಮಧ್ಯಾಹ್ನದಿಂದ ರಾತ್ರಿಯವರೆಗೆ, ಎಲ್ಲವೂ ಸರಿಯಿದೆ ಎಂದು ಎಲ್ಲರೂ ಭಾವಿಸಿದ್ದ ಹೊತ್ತಿನಲ್ಲೇ, ಹಾನಿ ಬೆಳೆಯುತ್ತಿತ್ತು.

ಆ ಕ್ಷಣವೇ ಹೇಳಿದ್ದರೆ? ಗೋಡೆಯ ಸ್ವಿಚ್ಚು ಆರಿಸಿ ಪ್ಲಗ್ಗು ಕೀಳಬಹುದಿತ್ತು. ಪೆಟ್ಟಿಗೆಯ ಪಕ್ಕದ ತಗಡು ಬಿಚ್ಚಿ, ಬೋರ್ಡಿನ ಮೇಲಿರುವ ನಾಣ್ಯದಂಥ 3 ವೋಲ್ಟ್ ಬ್ಯಾಟರಿಯನ್ನೂ ಮೆಮೊರಿ ಪಟ್ಟಿಗಳನ್ನೂ ತೆಗೆಯಬಹುದಿತ್ತು. ಬೋರ್ಡನ್ನು ಹೊರತೆಗೆದು, ಡಿಸ್ಟಿಲ್ಡ್ ವಾಟರಿನಿಂದ ಸಕ್ಕರೆಯ ಅಂಟನ್ನು ತೊಳೆದು, ಐಸೊಪ್ರೊಪೈಲ್ ಆಲ್ಕೊಹಾಲ್ ಅದ್ದಿದ ಮೃದುವಾದ ಬ್ರಷ್ಷಿನಿಂದ ಉಜ್ಜಿ, ಫ್ಯಾನಿನ ಗಾಳಿಯಲ್ಲಿ ಒಂದೆರಡು ದಿನ ಒಣಗಿಸಿದ್ದರೆ ಅದು ಮತ್ತೆ ಏಳುವ ಸಾಧ್ಯತೆ ಚೆನ್ನಾಗಿಯೇ ಇತ್ತು. (ಅಕ್ಕಿಯ ಡಬ್ಬದಲ್ಲಿ ಹೂತಿಡುವ ಉಪಾಯವನ್ನು ಅನೇಕರು ಹೇಳುತ್ತಾರೆ. ಅಕ್ಕಿ ಅನ್ನಕ್ಕೇ ಇರಲಿ. ಅದು ಸಕ್ಕರೆಯನ್ನು ತೊಳೆಯದು.) ಆದರೆ ವಿದ್ಯುತ್ತು ಒದಗಿಸುವ ಪವರ್ ಸಪ್ಲೈ ಡಬ್ಬಿಯನ್ನು ಮಾತ್ರ ಮನೆಯಲ್ಲಿ ಯಾರೂ ಬಿಚ್ಚಬಾರದು. ಪ್ಲಗ್ಗು ಕಿತ್ತ ಮೇಲೂ ಅದರ ಕೆಪಾಸಿಟರುಗಳಲ್ಲಿ ಪ್ರಾಣಕ್ಕೆ ಅಪಾಯ ತರುವಷ್ಟು ವಿದ್ಯುತ್ತು ಉಳಿದಿರಬಹುದು. ಅದರೊಳಗೆ ಕಾಫಿ ಇಳಿದಿದ್ದರೆ ಹೊಸದನ್ನೇ ಹಾಕಿಸಬೇಕು.

ಈಗ ಹೊಣೆಯ ಮಾತು. ಅರಿಸ್ಟಾಟಲ್ ತನ್ನ ನೀತಿಗ್ರಂಥದ ಐದನೆಯ ಭಾಗದಲ್ಲಿ, ಯಾರೂ ಊಹಿಸಲಾಗದ ಹಾನಿಯನ್ನು ದುರದೃಷ್ಟವೆಂದೂ, ಕೆಡುಕು ಬಯಸದಿದ್ದರೂ ಊಹಿಸಬಹುದಾಗಿದ್ದ ಹಾನಿಯನ್ನು ತಪ್ಪೆಂದೂ ಬೇರ್ಪಡಿಸುತ್ತಾನೆ. ತಿಳಿದೂ ತಿಳಿದೂ ಮಾಡಿದ್ದು ಬೇರೆಯೇ ಆದ ಮೂರನೆಯ ವರ್ಗಕ್ಕೆ ಸೇರುತ್ತದೆ. 1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮೋಪದೇಶ ಗ್ರಂಥವೂ (1736) ತಿಳಿದಿರಬೇಕಾಗಿದ್ದುದನ್ನು ಅಲಕ್ಷಿಸಿದ್ದರಿಂದ ಆದ ಹಾನಿ ಪರೋಕ್ಷವಾಗಿ ನಮ್ಮ ಇಚ್ಛೆಯಿಂದಾದದ್ದೇ ಎಂದು ಬೋಧಿಸಿ, ಸಂಚಾರ ನಿಯಮ ತಿಳಿಯದೆ ಮಾಡುವ ಅಪಘಾತದ ಉದಾಹರಣೆ ಕೊಡುತ್ತದೆ. ಗಾಳಿಕಿಂಡಿಯ ಮೇಲೆ ತುಂಬಿದ ಲೋಟ ಇಟ್ಟರೆ ಏನಾದೀತೆಂದು ಊಹಿಸಲು ಪಾಂಡಿತ್ಯ ಬೇಕಿಲ್ಲ. ಹಾಗಾಗಿ ಲೋಟ ಇಟ್ಟ ಕೈಗೂ ಹೊಣೆಯಲ್ಲಿ ಪಾಲಿದೆ, ಮೊಣಕೈಗೆ ಮಾತ್ರವಲ್ಲ.

ವಿಮೋಚನಾಕಾಂಡ 22ನೆಯ ಅಧ್ಯಾಯದಲ್ಲಿ ಎರವಲು ತಂದ ಪ್ರಾಣಿಗಳ ಬಗ್ಗೆ ಒಂದು ನಿಯಮವಿದೆ. ಒಡೆಯ ಜೊತೆಗಿಲ್ಲದಾಗ ಅದು ಗಾಯಗೊಂಡರೆ ಅಥವಾ ಸತ್ತರೆ ತಂದವನು ಬದಲು ಕೊಡಬೇಕು. ಒಡೆಯ ಜೊತೆಗಿದ್ದರೆ ಕೊಡಬೇಕಿಲ್ಲ. ಅಡುಗೆಮನೆಯಲ್ಲಿದ್ದವರನ್ನು ಜೊತೆಗಿದ್ದವರೆನ್ನಬೇಕೇ, ಇಲ್ಲವೇ? ಇದರ ಮೇಲೆ ಪಂಡಿತರು ಒಂದು ಸಂಜೆ ಸಂತೋಷವಾಗಿ ವಾದಿಸಬಹುದು. ನನ್ನ ಅಭಿಪ್ರಾಯದಲ್ಲಿ ಕಾಫಿ ಚೆಲ್ಲಿದ ಮಟ್ಟಿಗೆ ಹುಡುಗ ಪಾಪಿಯಲ್ಲ. ರಿಪೇರಿಯ ಖರ್ಚನ್ನೂ ಆ ಬಡ ಕುಟುಂಬದ ಮೇಲೆ ಹೊರಿಸುವುದು ನ್ಯಾಯವಲ್ಲ. ಆದರೆ ಕರವಸ್ತ್ರದಿಂದ ಒರೆಸಿ ಸುಮ್ಮನೆ ಎದ್ದುಹೋದದ್ದು ಕೈತಪ್ಪಿ ಆದದ್ದಲ್ಲ. ಅದು ಅವನ ಆಯ್ಕೆ. ಬೋರ್ಡನ್ನು ಸುಟ್ಟದ್ದು ಬಹುಮಟ್ಟಿಗೆ ಆ ಮೌನವೇ.

ಈ ಹುಡುಗ ಶನಿವಾರ ಪಾಪನಿವೇದನೆಗೆ ಬಂದು ಎಲ್ಲವನ್ನೂ ಹೇಳಿದನೆನ್ನೋಣ. ಪಶ್ಚಾತ್ತಾಪವಿದ್ದರೆ ಕ್ಷಮೆ ದೊರೆಯುತ್ತದೆ, ಸಂಶಯವಿಲ್ಲ. ಆದರೆ ಪಾಪವಿಮೋಚನೆಯು ಪಾಪದಿಂದಾದ ಎಲ್ಲ ಅವ್ಯವಸ್ಥೆಯನ್ನೂ ಸರಿಪಡಿಸುವುದಿಲ್ಲವೆಂದು ಅದೇ ಧರ್ಮೋಪದೇಶ ಗ್ರಂಥ (1459) ಸ್ಪಷ್ಟಪಡಿಸುತ್ತದೆ. ಸರಿಪಡಿಸಬೇಕಾದದ್ದು ಮೊದಲು ಯಾವುದು? ಕಂಪ್ಯೂಟರ್ ಎಂದರೆ ನಾನು ಒಪ್ಪುವುದಿಲ್ಲ. ಹಾರ್ಡ್ ಡಿಸ್ಕು ಕೆಟ್ಟಿಲ್ಲದಿದ್ದರೆ ಅದನ್ನು ಬೇರೆ ಯಂತ್ರಕ್ಕೆ ಜೋಡಿಸಿ ಫೋಟೋಗಳನ್ನೂ ಲೆಕ್ಕಪತ್ರಗಳನ್ನೂ ಉಳಿಸಿಕೊಳ್ಳಬಹುದು, ಬೋರ್ಡು ಅಂಗಡಿಯಲ್ಲಿ ಸಿಗುತ್ತದೆ. ಆ ಕೆಲಸದಾಕೆಯ ಮರ್ಯಾದೆ ಯಾವ ಅಂಗಡಿಯಲ್ಲೂ ಸಿಗದು.

ಇಲ್ಲಿ ಮನೆಯವರೂ ಎದ್ದು ನಿಂತು ಉತ್ತರ ಹೇಳಬೇಕು. ಸಾಕಷ್ಟು ಆಧಾರವಿಲ್ಲದೆ ನೆರೆಯವರಲ್ಲಿ ದೋಷ ಕಾಣುವುದು ಎಂಟನೆಯ ಕಟ್ಟಳೆಗೆ ವಿರುದ್ಧ. ನೀರು ಬಿದ್ದಿದ್ದರೆ ಒಳಗೆ ಅಂಟು ಏಕೆ, ಕಾಫಿಯ ಕಲೆ ಏಕೆ? ತಗಡು ಬಿಚ್ಚಿ ನೋಡಿದ್ದರೆ ತಿಳಿಯುತ್ತಿತ್ತು. ಬಿಚ್ಚುವ ಮೊದಲೇ ತೀರ್ಪು ಬಂತು, ಅದೂ ಎದುರು ಮಾತಾಡಲಾರದವಳ ಮೇಲೆ.

ಹುಡುಗ ಏಕೆ ಬಾಯಿ ಬಿಡಲಿಲ್ಲ ಎಂಬುದನ್ನೂ ತಂದೆತಾಯಂದಿರು ಯೋಚಿಸಬೇಕು. ಒಂದು ಬಟ್ಟಲು ಒಡೆದರೆ ಬೆನ್ನಿಗೆ ಪೆಟ್ಟು ಬೀಳುವ ಮನೆಯಲ್ಲಿ ಮಕ್ಕಳು ಮೊದಲು ಕಲಿಯುವುದು ಚೂರುಗಳನ್ನು ಬಚ್ಚಿಡುವುದನ್ನು. "ಹೇಳಿದೆಯಲ್ಲ, ಒಳ್ಳೆಯದಾಯಿತು, ಮೊದಲು ಸ್ವಿಚ್ಚು ಆರಿಸು" ಎನ್ನುವ ತಾಯಿಯಿದ್ದರೆ ಹುಡುಗನ ನಾಲಿಗೆ ಅಂದೇ ತಿರುಗುತ್ತಿತ್ತೇನೋ. ಇದು ಅವನ ತಪ್ಪನ್ನು ಅಳಿಸುವುದಿಲ್ಲ, ಹಂಚುತ್ತದೆ ಅಷ್ಟೆ.

ಆದ್ದರಿಂದ ನನ್ನ ತೀರ್ಪು ಹೀಗಿದೆ. ಹುಡುಗ ತನ್ನ ತಂದೆಯನ್ನೋ ತಾಯಿಯನ್ನೋ ಜೊತೆಗೆ ಕರೆದುಕೊಂಡು ಆ ಮನೆಗೆ ಹೋಗಿ ನಡೆದದ್ದನ್ನು ಹೇಳಲಿ. ರಿಪೇರಿಯ ಖರ್ಚಿನಲ್ಲಿ ತನ್ನಿಂದಾದಷ್ಟನ್ನು, ರಜೆಯಲ್ಲಿ ದುಡಿದಾದರೂ, ಕೊಡುವೆನೆನ್ನಲಿ. ಬೇಡವೆನ್ನುವ ಸ್ವಾತಂತ್ರ್ಯ ಮನೆಯವರಿಗಿದೆ. ಕೂಲಿಯವನ ಸಂಬಳವನ್ನು ಬೆಳಗಾಗುವ ತನಕ ಇಟ್ಟುಕೊಳ್ಳಬಾರದೆಂದು ಯಾಜಕಕಾಂಡ 19ನೆಯ ಅಧ್ಯಾಯ ವಿಧಿಸುತ್ತದೆ. ಹಿಡಿದಿಟ್ಟ 1,000 ರೂಪಾಯಿಯನ್ನು ಮನೆಯೊಡತಿಯೇ ಅಂದು ಸಂಜೆ ಆಕೆಯ ಮನೆಗೆ ತಲುಪಿಸಲಿ. ಹುಡುಗನೂ ಜೊತೆಗೆ ಹೋಗಲಿ. ಆಕೆಯ ಗಂಡ, ಮಕ್ಕಳು, ವಠಾರದವರು ಕೇಳುವಂತೆ, "ಚೆಲ್ಲಿದ್ದು ನಾನು" ಎಂದು ಅವನೇ ಹೇಳಲಿ.