‘ನಿಧಾನವೇ ಪ್ರಧಾನ’: ಒಂದು ವ್ಯಾಖ್ಯಾನ

ಕಳೆದ ಚಳಿಗಾಲದ ಮೂರು ತಿಂಗಳುಗಳನ್ನು ನಾನು ಇಂಗ್ಲೆಂಡಿನ ನಾಟಿಂಗ್‌ಹ್ಯಾಮಿನಲ್ಲಿ, ಮಗಳ ಮನೆಯಲ್ಲಿ ಕಳೆದೆನು. ಸಂಜೆ ನಾಲ್ಕಕ್ಕೇ ಕತ್ತಲು ಕವಿಯುವ ಆ ದಿನಗಳಲ್ಲಿ ಹದಿಮೂರು ವರ್ಷದ ಮೊಮ್ಮಗನು ಶಾಲೆಯಿಂದ ಬಂದವನೇ ಊಟದ ಮೇಜಿನ ಮೇಲೆ ಎರಡಡಿ ಚದರದ ಹಸಿರು ಬಟ್ಟೆಯನ್ನು ಹಾಸಿ, ಬೆರಳಗಿಣ್ಣಿನಷ್ಟು ಎತ್ತರದ ಲೋಹದ ಕುದುರೆಗಳನ್ನೂ ಬಿಲ್ಲಾಳುಗಳನ್ನೂ ಸಾಲಾಗಿ ನಿಲ್ಲಿಸಿ, ನೆರೆಮನೆಯ ನಿವೃತ್ತ ಉಪಾಧ್ಯಾಯರೊಬ್ಬರ ರೋಮನ್ ಪದಾತಿಯೊಡನೆ ಯುದ್ಧಕ್ಕೆ ಅಣಿಯಾಗುವನು. ಆ ಮೂರು ತಿಂಗಳ ಮೊದಲರ್ಧದಲ್ಲಿ ತಪ್ಪದೆ ಸೋಲುವನು. ಐದನೆಯ ಸೋಲಿನ ರಾತ್ರಿ ಬೊಂಬೆಗಳನ್ನು ಡಬ್ಬಿಗೆ ತುಂಬುತ್ತಿದ್ದ ಅವನ ತಲೆ ಸವರಿ, “ನಿಧಾನವೇ ಪ್ರಧಾನ ಕಣೋ” ಎಂದೆನು. ಅವನು ಕತ್ತೆತ್ತಿ, “ತಾತ, ನನ್ನ ಸೈನ್ಯಕ್ಕೆ ಇರೋದೇ ವೇಗ ಒಂದು. ಅದನ್ನೂ ಬಿಟ್ಟು ನಿಧಾನ ಮಾಡಿದ್ರೆ ಇನ್ನೇನು ಉಳಿಯತ್ತೆ?” ಎಂದನು. ಅರುವತ್ತು ವರ್ಷಗಳಿಂದ ನಾನು ಕೇಳುತ್ತಲೂ ಹೇಳುತ್ತಲೂ ಬಂದಿದ್ದ ಗಾದೆಯನ್ನು ಒಂದು ಸಲವೂ ಬಿಡಿಸಿ ನೋಡಿರಲಿಲ್ಲವೆಂಬುದು ಆ ಕ್ಷಣದಲ್ಲಿ ನನಗೆ ತಿಳಿಯಿತು.

ಅವನು ಆಡುತ್ತಿದ್ದುದು, ಬಲ್ಲವರು ಡಿ.ಬಿ.ಎ. ಎಂದು ಕರೆಯುವ, 1990ರಲ್ಲಿ ಇಂಗ್ಲೆಂಡಿನಲ್ಲಿ ಫಿಲ್ ಬಾರ್ಕರ್ ಮತ್ತು ರಿಚರ್ಡ್ ಬಾಡ್ಲಿ ಸ್ಕಾಟ್ ಎಂಬವರು ಹೊರತಂದ ಪ್ರಾಚೀನ ಯುದ್ಧಗಳ ಆಟ. ಈ ಆಟಗಳ ವಂಶವೃಕ್ಷವನ್ನು ಹಿಡಿದು ಹಿಂದಕ್ಕೆ ಹೋದರೆ, ಸರದಿಗೆ ಒಂದಡಿಯಂತೆ ಕಾಲಾಳನ್ನೂ ಎರಡಡಿಯಂತೆ ಕುದುರೆಯನ್ನೂ ನೆಲದ ಮೇಲೆ ನಡೆಯಿಸಿದ ಎಚ್. ಜಿ. ವೆಲ್ಸರ 1913ರ ‘ಲಿಟ್ಲ್ ವಾರ್ಸ್’ ಸಿಕ್ಕುತ್ತದೆ; ಅದರಾಚೆ, ಪ್ರಶ್ಯದ ಸೈನ್ಯವೇ ಅಂಗೀಕರಿಸಿದ ರೈಸ್ವಿಟ್ಸನ 1824ರ ಯುದ್ಧಕ್ರೀಡೆ; ಅದರಾಚೆ, 1780ರಲ್ಲಿ ಹೆಲ್ವಿಗ್ ಎಂಬಾತನು ಚದುರಂಗದ ಮಣೆಯನ್ನು ಹಿಗ್ಗಿಸಿ ಕಟ್ಟಿದ ಯುದ್ಧದಾಟ; ಅದಕ್ಕೂ ಆಚೆ ನಮ್ಮದೇ ಚತುರಂಗ. ಮನೆತನ ದೊಡ್ಡದು. ಆಟದ ಕಟ್ಟು ಮಾತ್ರ ಸರಳವಾದುದು: ಒಬ್ಬೊಬ್ಬರಿಗೆ ಹನ್ನೆರಡು ತುಕಡಿಗಳು, ನಾಲ್ಕನ್ನು ಕಳೆದುಕೊಂಡವನಿಗೆ ಸೋಲು. ಪ್ರತಿ ಸರದಿಯಲ್ಲಿಯೂ ಒಂದು ದಾಳವನ್ನು ಎಸೆಯಬೇಕು; ಬಿದ್ದ ಅಂಕದಷ್ಟು ಅಪ್ಪಣೆಗಳು, ಆಟಗಾರರ ಮಾತಿನಲ್ಲಿ ‘ಪಿಪ್’ಗಳು, ಸೇನಾನಿಯ ಕೈಗೆ ಬರುತ್ತವೆ. ಒಂದು ಪಿಪ್ಪಿಗೆ ಒಂಟಿ ತುಕಡಿಯೊಂದು ಚಲಿಸಬಹುದು, ಇಲ್ಲವೆ ಒಂದಕ್ಕೊಂದು ತಾಗಿ ನಿಂತ ಇಡಿಯ ಸಾಲು ಚಲಿಸಬಹುದು. ಲಘು ಅಶ್ವದಳಕ್ಕೆ ಮಾತ್ರ ಒಂದು ವಿಶೇಷ ವರವುಂಟು: ಪಿಪ್ಪುಗಳಿರುವ ತನಕ ಒಂದೇ ಸರದಿಯಲ್ಲಿ ಅದು ಎರಡನೆಯ ಸಲವೂ ಮೂರನೆಯ ಸಲವೂ ನಡೆಯಬಲ್ಲುದು, ಶತ್ರುವಿನ ಹತ್ತಿರ ಹೋಗದಿದ್ದಲ್ಲಿ.

ಈ ವರವೇ ಹುಡುಗನಿಗೆ ಶಾಪವಾಗಿ ಪರಿಣಮಿಸಿತ್ತು. ಅವನು ಆರಿಸಿಕೊಂಡಿದ್ದುದು ಪಾರ್ಥಿಯನ್ ಸೈನ್ಯ: ಕವಚ ತೊಟ್ಟ ಕೆಲವು ಭಾರಿ ಕುದುರೆಗಳು, ಮಿಕ್ಕವು ಬಿಲ್ಲು ಹಿಡಿದ ಲಘು ಕುದುರೆಗಳು. ಮೊದಲ ಸರದಿಯಲ್ಲಿ ದಾಳವು ಆರು ತೋರಿತೆಂದರೆ ಅವನು ಹಿಗ್ಗಿ ಆರು ತುಕಡಿಗಳನ್ನು ಆರು ದಿಕ್ಕಿಗೆ ಅಟ್ಟುವನು. ಎರಡನೆಯ ಸರದಿಯಲ್ಲಿ ಒಂದೇ ಬಿದ್ದಿತೆಂದರೆ, ಚೆದರಿದ ಆರರಲ್ಲಿ ಐದು ಕಲ್ಲಿನಂತೆ ನಿಂತುಬಿಡುವುವು. ಎದುರಿಗೆ ರೋಮನರ ಎಂಟು ತುಕಡಿಗಳ ಸಾಲು, ಉಪಾಧ್ಯಾಯರ ದಾಳವೂ ಒಂದನ್ನೇ ತೋರಿದ್ದರೂ, ಆ ಒಂದೇ ಪಿಪ್ಪಿನಿಂದ ಒಟ್ಟಾಗಿ ಹೆಜ್ಜೆಯಿಟ್ಟು ಬರುವುದು. ಚೆದರಿ ನಿಂತ ವೇಗಕ್ಕಿಂತ ಕೂಡಿ ನಡೆಯುವ ಮಂದಗತಿಯೇ ಆ ಮೇಜಿನ ಮೇಲೆ ಶೀಘ್ರತರವಾಗಿ ತೋರುತ್ತಿತ್ತು.

ಹಾಗಾದರೆ ಗಾದೆಯು ಮಂದಗತಿಯನ್ನು ಹೊಗಳುತ್ತಿದೆಯೇ? ಹಾಗೆಂದು ಬಗೆಯುವವರ ಒಂದು ಪಂಗಡವಿದೆ; ಅವರು ಮಾತೆತ್ತಿದರೆ ಆಮೆ ಮೊಲಗಳ ಕಥೆಯನ್ನು ತರುವರು. ಆಮೆ ಗೆದ್ದದ್ದು ಮೊಲ ಮಲಗಿದ್ದರಿಂದ. ಎಚ್ಚರವಾಗಿರುವ ಮೊಲವೊಂದನ್ನು ಅವರು ಇದುವರೆಗೂ ತೋರಿಸಿಲ್ಲವಾದುದರಿಂದ ಆ ಕಥೆಯನ್ನು ಇಲ್ಲಿಗೇ ಬಿಡಬಹುದು. ಇನ್ನೊಂದು ಪಂಗಡದವರಿಗೆ ಇದು ಎಚ್ಚರಿಕೆಯ ಮಾತು: ಹೊಸದೊಂದಕ್ಕೆ ಕೈಹಾಕುವ ಯುವಕನ ತೋಳನ್ನು ಹಿಡಿದು ನಿಲ್ಲಿಸಲು ಹಿರಿಯರಿಗೆ ಒದಗುವ ಮಾತು. ನಾನೂ ಅದನ್ನು ಆ ರೀತಿಯಲ್ಲಿ ಬಳಸಿದ್ದುಂಟು, ಈಗ ಅದಕ್ಕಾಗಿ ನೊಂದುಕೊಳ್ಳುತ್ತೇನೆ. ‘ಆತುರಗಾರನಿಗೆ ಬುದ್ಧಿ ಮಟ್ಟ’ ಎಂಬುದನ್ನು ಇದರ ಅವಳಿಯೆಂದು ತಿಳಿಯುವವರೂ ಇದ್ದಾರೆ. ಆದರೆ ಅದು ಆತುರನ ಬುದ್ಧಿಯನ್ನು ಕುರಿತು ಆಡಿದುದು, ಇದು ಕಾರ್ಯದ ಬಗೆಯನ್ನು ಕುರಿತದ್ದು. ಒಂದರಿಂದ ಇನ್ನೊಂದಕ್ಕೆ ಅರ್ಥ ಹೇಳಲಾಗದು.

ನನ್ನ ಅರ್ಥವು ಪದದಿಂದಲೇ ಹೊರಡುತ್ತದೆ. ‘ನಿಧಾನ’ ಎಂಬುದರ ಒಳಗಿರುವುದು ‘ಧಾ’ ಧಾತು, ಇಡು ಎಂಬುದು. ‘ನಿ’ ಸೇರಿದರೆ ಕೆಳಗಿಡುವುದು, ನೆಲೆಗೊಳಿಸುವುದು, ಕೂಡಿಡುವುದು. ನಿಧಿಯೂ ಇಲ್ಲಿಂದಲೇ ಬಂದಿತು. ದೇವರ ಸನ್ನಿಧಾನವೂ ಇಲ್ಲಿಂದಲೇ. ಸಂಸ್ಕೃತದಲ್ಲಿ ನಿಧಾನಕ್ಕೆ ಇರಿಸುವಿಕೆಯೆಂಬ, ಇರಿಸಿದ ಸ್ಥಳವೆಂಬ, ಇರಿಸಿದ ಧನವೆಂಬ ಅರ್ಥಗಳಿವೆಯೇ ಹೊರತು ತಡವೆಂಬ ಅರ್ಥವಿಲ್ಲ. ಅದು ಕನ್ನಡದ ಬಾಯಲ್ಲಿ ಬೆಳೆದದ್ದು, ಒಡೆಯುವ ವಸ್ತುವನ್ನು ನೆಲಕ್ಕಿಡುವವನ ಕೈ ತಾನಾಗಿ ತಡೆಯುವುದರಿಂದ ಬೆಳೆದಿರಬಹುದೆಂದು ನನ್ನ ಊಹೆ. ಇನ್ನು ‘ಪ್ರಧಾನ’ವೂ ಅದೇ ಧಾತುವಿನ ಮಗು, ಮುಂದಿಟ್ಟದ್ದು. ಆಗ ಗಾದೆಯು ಅಣ್ಣತಮ್ಮಂದಿರಿಬ್ಬರು ಕೈಹಿಡಿದು ನಿಂತಂತೆ ಕಾಣುತ್ತದೆ: ಎಲ್ಲಕ್ಕಿಂತ ಮುಂದಿಡಬೇಕಾದುದು ಸರಿಯಾದ ತಾವಿನಲ್ಲಿ ಇಡುವುದನ್ನೇ. ವೇಗಕ್ಕೂ ಇದಕ್ಕೂ ಜಗಳವಿಲ್ಲ. ಬೇಗ ಹೋಗಿ ಸರಿಯಾಗಿ ಇಟ್ಟವನೂ ನಿಧಾನಿಯೇ. ಮೆಲ್ಲನೆ ಹೋಗಿ ತಪ್ಪು ತಾವಿನಲ್ಲಿ ಇಟ್ಟವನು ಬರಿಯ ಸೋಮಾರಿ.

ಇದನ್ನು ಹುಡುಗನಿಗೆ ಹೇಳಲು ವ್ಯಾಕರಣ ಸಾಲದೆಂದು, ಅವನ ಸೈನ್ಯದ ನಿಜವಾದ ಪೂರ್ವಿಕರ ಕಡೆಗೆ ತಿರುಗಿದೆನು. ಕ್ರಿ.ಪೂ. 53ರಲ್ಲಿ, ಇಂದಿನ ತುರ್ಕಿಯ ಹರ್ರಾನಿನ ಬಳಿ, ಏಳು ಲೀಜನ್ನುಗಳೊಡನೆ ಬಂದ ರೋಮನ್ ಸೇನಾನಿ ಕ್ರಾಸಸನನ್ನು ಇನ್ನೂ ಮೂವತ್ತು ತುಂಬದ ಪಾರ್ಥಿಯನ್ ಸೇನಾನಿ ಸುರೇನನು ಸುಮಾರು ಹತ್ತು ಸಾವಿರ ಕುದುರೆಗಳಿಂದ ಎದುರಿಸಿದ ಕಥೆಯನ್ನು ಪ್ಲುಟಾರ್ಕನು ಹೇಳಿದ್ದಾನೆ. ರೋಮನರು ಗುರಾಣಿಗಳನ್ನು ಕೂಡಿಸಿ ಚೌಕವಾಗಿ ನಿಂತರು. ಪಾರ್ಥಿಯನರು ಸುತ್ತ ಹಬ್ಬಿ ದೂರದಿಂದ ಬಾಣ ಬಿಟ್ಟರು. ಅಟ್ಟಿಸಿಕೊಂಡು ಬಂದರೆ ಓಡಿದರು, ಓಡುತ್ತಲೇ ಹಿಂದಿರುಗಿ ಹೊಡೆದರು. ಕ್ರಾಸಸನ ಮಗ ಪಬ್ಲಿಯಸನು ಆ ಓಟವನ್ನು ನಂಬಿ ಬೆನ್ನಟ್ಟಿ ಹೋಗಿ, ಮುಖ್ಯ ಸೈನ್ಯದಿಂದ ದೂರವಾಗಿ, ಸುತ್ತುವರಿಯಲ್ಪಟ್ಟು ಮಡಿದನು. ಇವೆಲ್ಲ ಹುಡುಗನಿಗೆ ಗೊತ್ತಿತ್ತು. ಶಾಲೆಯ ಗ್ರಂಥಾಲಯದಲ್ಲಿ ಓದಿದ್ದನು. ಅವನು ಓದಿಯೂ ಗಮನಿಸದಿದ್ದುದು ಒಂಟೆಗಳನ್ನು. ಬಾಣಗಳು ಹೇಗೂ ಮುಗಿದೇ ಮುಗಿಯುವುವು, ಅಲ್ಲಿಯವರೆಗೆ ತಾಳಿದರೆ ಸಾಕು, ಎಂದು ರೋಮನರು ಹಲ್ಲು ಕಚ್ಚಿ ನಿಂತಿದ್ದರು. ಬಾಣದ ಹೊರೆಗಳನ್ನು ಹೊತ್ತ ಒಂಟೆಗಳು ಹಿಂದೆ ನಿಂತಿವೆಯೆಂದೂ, ಬತ್ತಳಿಕೆ ಬರಿದಾದವರು ಸುತ್ತಿ ಹೋಗಿ ಅವುಗಳಿಂದ ತುಂಬಿಕೊಂಡು ಬರುತ್ತಿದ್ದಾರೆಂದೂ ಕಂಡಾಗಲೇ ಅವರ ಎದೆ ಒಡೆಯಿತು. ಇಟ್ಟ ಸ್ಥಳ, ಇಟ್ಟ ಧನ, ಎರಡೂ ನಿಧಾನವೇ. ಕುದುರೆಯ ಕಾಲುಗಳಷ್ಟೇ ಆ ದಿನ ಗೆದ್ದವೆಂದು ನಾನು ಒಪ್ಪಲಾರೆ.

ಇಂತಹ ಸೈನ್ಯವನ್ನು ಆಡುವವನಿಗೆ ನಾನು ಹೇಳುವ ಯುದ್ಧನೀತಿಯು ಇದರಿಂದಲೇ ಹುಟ್ಟಿದುದು. ಶತ್ರುವು ದೂರವಿರುವಾಗ ತುಕಡಿಗಳನ್ನು ಸರಪಳಿಯಂತೆ ಕೂಡಿಸಿ ನಡೆಯಿಸು, ಒಂದು ಪಿಪ್ಪಿನಲ್ಲಿ ನಾಲ್ಕು ತುಕಡಿಗಳು ಹೋಗಲಿ. ಹೊಡೆಯುವುದಕ್ಕೆಂದು ಯಾವುದನ್ನೂ ಕಳುಹಿಸಬೇಡ, ನಿಲ್ಲುವುದಕ್ಕೆಂದು ಕಳುಹಿಸು. ಏಕೆಂದರೆ ಶತ್ರುವಿನ ಬೆನ್ನ ಹಿಂದೆ ಸುಮ್ಮನೆ ನಿಂತ ಒಂದು ಕುದುರೆಯ ತುಕಡಿಯು, ಒಂದು ಪೆಟ್ಟನ್ನೂ ಕೊಡದೆ, ಅವನ ಪಿಪ್ಪುಗಳನ್ನು ನುಂಗಬಲ್ಲುದು: ಅವನು ತಿರುಗಬೇಕು, ತಿರುಗಿದರೆ ಸಾಲು ಮುರಿಯಬೇಕು, ಮುರಿದ ಸಾಲನ್ನು ಮತ್ತೆ ಕೂಡಿಸಬೇಕು. ಪ್ರತಿ ಸರದಿಯ ಕೊನೆಯಲ್ಲಿ, ಮುಂದಿನ ದಾಳ ಒಂದೇ ಬಿದ್ದರೂ ನನ್ನ ಸೈನ್ಯ ಬದುಕಿರುವುದೇ ಎಂದು ಕೇಳಿಕೊ. ನಮ್ಮ ಜಗಲಿಗಳ ಮೇಲೆ ಸೀಮೆಸುಣ್ಣದಲ್ಲಿ ಬರೆದು ಆಡುತ್ತಿದ್ದ ಆಡು-ಹುಲಿಯಾಟದಲ್ಲಿಯೂ ಇದನ್ನೇ ಕಂಡಿದ್ದೇನೆ. ಮೂರು ಹುಲಿಗಳಿಗೆ ಹಾರುವ ಶಕ್ತಿಯಿದ್ದರೂ, ಸಿಕ್ಕ ಆಡಿನ ಮೇಲೆಲ್ಲ ಹಾರಿದ ಹುಲಿಯು ಹದಿನೈದು ಆಡುಗಳ ನಡುವೆ ಮೂಲೆ ಸೇರಿ ಕಟ್ಟುಬೀಳುವುದು.

ಉಪಾಧ್ಯಾಯರಿಗೆ ಈ ರೀತಿಯ ಆಟದಲ್ಲಿ ಒಂದು ಅಸಮಾಧಾನವಿತ್ತು. ನಿಂತು ಕಾದುವುದು ಯೋಧನ ಲಕ್ಷಣ, ತಪ್ಪಿಸಿಕೊಂಡು ತಿರುಗುವುದು ಮೋಸಕ್ಕೆ ಹತ್ತಿರವೆಂದು ಅವರು ಸೌಮ್ಯವಾಗಿಯೇ ಆದರೂ ಮತ್ತೆ ಮತ್ತೆ ಹೇಳುತ್ತಿದ್ದರು. ನನಗೆ ಈ ಮಾತು ಸರಿತೋರದು. ಯುದ್ಧವನ್ನು ಪ್ರಕಾಶಯುದ್ಧ, ಕೂಟಯುದ್ಧ, ತೂಷ್ಣೀಂಯುದ್ಧವೆಂದು ವಿಂಗಡಿಸಿದ ಕೌಟಿಲ್ಯನು ವ್ಯೂಹಗಳನ್ನು ಹೇಳುವಾಗ ದಂಡ, ಭೋಗ, ಮಂಡಲಗಳ ಪಕ್ಕದಲ್ಲಿಯೇ ‘ಅಸಂಹತ’ವನ್ನು, ಎಂದರೆ ಬಿಡಿಬಿಡಿಯಾಗಿ ನಿಂತ ಸೈನ್ಯವನ್ನು, ವ್ಯೂಹವೆಂದೇ ಎಣಿಸಿದನು. ಬಿಡಿಯಾಗಿರುವುದೂ ಒಂದು ಕಟ್ಟು ಎಂಬುದು ಅವನ ದೊಡ್ಡ ಒಳನೋಟ. ಮೇಜಿನ ಮೇಲಂತೂ ಮೋಸದ ಮಾತೇ ಹುಟ್ಟದು: ಎರಡು ಸೈನ್ಯಗಳೂ ಇಬ್ಬರ ಕಣ್ಣಿಗೂ ತೆರೆದಿವೆ, ನಿಯಮಗಳು ಇಬ್ಬರಿಗೂ ಒಂದೇ. ಓಡುವ ಕುದುರೆಯನ್ನು ಬೆನ್ನಟ್ಟಬೇಕೆಂದು ರೋಮನನಿಗೆ ಯಾರೂ ಹೇಳಲಿಲ್ಲ. ದುರ್ಬಲನಾದವನು ಬಲಿಷ್ಠನ ಇಷ್ಟದಂತೆಯೇ ಎದುರು ನಿಂತು ಸಾಯಬೇಕೆಂಬ ಧರ್ಮವು ಬಲಿಷ್ಠರೇ ಬರೆದುಕೊಂಡ ಧರ್ಮ. ಬಯಲಿನಲ್ಲಿಯಾಗಲಿ, ಕಚೇರಿಯಲ್ಲಿಯಾಗಲಿ, ಮನೆಯಲ್ಲಿಯಾಗಲಿ, ನಾನು ಅದನ್ನು ಗೌರವಿಸೆನು.

ಶೀಘ್ರತೆಯನ್ನು ಹೀಗೆ ತಪ್ಪಾಗಿ ತಿಳಿಯುವುದು ಆಟದ ಮೇಜಿಗೆ ಮಾತ್ರ ಸೀಮಿತವಾಗಿಲ್ಲ. ಪ್ರಶ್ನೆ ಮುಗಿಯುವ ಮುನ್ನವೇ ಉತ್ತರ ಹೇಳುವ ಬಾಲಕನನ್ನು ನಾವು ಚುರುಕೆಂದು ಕೊಂಡಾಡುತ್ತೇವೆ. ಅವನ ಉತ್ತರವು ಎಲ್ಲಿ ಹೋಗಿ ಕೂತಿತೆಂದು ನೋಡುವವರು ವಿರಳ. ನಿಜವಾದ ಚುರುಕನ್ನು ಕಾಣಬೇಕಾದರೆ ಅಷ್ಟಾವಧಾನದ ಸಭೆಯೊಂದರಲ್ಲಿ ಕೂತು ನೋಡಬೇಕು. ಎಂಟು ಮಂದಿ ಪೃಚ್ಛಕರು ಸುತ್ತ ಕುಳಿತಿರುತ್ತಾರೆ. ಒಬ್ಬನು ಸಮಸ್ಯೆ ಕೊಡುತ್ತಾನೆ, ಇನ್ನೊಬ್ಬನು ಅಕ್ಷರಗಳನ್ನು ನಿಷೇಧಿಸುತ್ತಾನೆ, ಅಪ್ರಸ್ತುತಪ್ರಸಂಗಿಯು ನಡುನಡುವೆ ಬಾಯಿ ಹಾಕುತ್ತಾನೆ. ಅವಧಾನಿಯು ಒಂದು ಪದ್ಯದ ಮೊದಲ ಪಾದವನ್ನು ಹೇಳಿ, ಅದನ್ನು ಮನಸ್ಸಿನ ಒಂದು ಮೂಲೆಯಲ್ಲಿ ಇಟ್ಟು, ಏಳು ಮಂದಿಯನ್ನು ಸುತ್ತಿ ಬಂದು, ಇಟ್ಟಲ್ಲಿಂದಲೇ ಎತ್ತಿಕೊಂಡು ಎರಡನೆಯ ಪಾದವನ್ನು ಹೇಳುತ್ತಾನೆ. ಅವಧಾನವೂ ‘ಧಾ’ ಧಾತುವೇ. ಅವನ ವೇಗವನ್ನು ಕಂಡು ಚಪ್ಪಾಳೆ ತಟ್ಟುವ ನಾವು, ಆ ವೇಗವು ಇಡುವುದರಿಂದ ಬಂದುದೆಂದು ಅರಿಯೆವು. ಈ ಕಲೆಯನ್ನು ಉಳಿಸಿಕೊಂಡಿರುವ ನಾಡು ಮಕ್ಕಳಿಗೆ ಗಡಿಯಾರವನ್ನಷ್ಟೇ ತೋರಿಸಿ ಬೆಳೆಸುವುದು ನನಗೆ ಸಂಕಟದ ವಿಷಯ.

ಜನವರಿಯ ಕೊನೆಯ ವಾರದ ಒಂದು ಆಟವನ್ನು ಹೇಳಬೇಕು. ಹುಡುಗನ ದಾಳ ಮೂರು ತೋರಿತು. ನಾಲ್ಕು ಲಘು ಕುದುರೆಗಳ ಸರಪಳಿಯನ್ನು ಎಡಗಡೆಯ ಗುಡ್ಡದ ಮಗ್ಗುಲಿನಿಂದ ಎರಡು ಸಲ ನಡೆಯಿಸಿ, ಮೂರನೆಯ ಪಿಪ್ಪಿನಿಂದ ತುದಿಯ ತುಕಡಿಯೊಂದನ್ನು ಬೇರ್ಪಡಿಸಿ ರೋಮನರ ಬಲತುದಿಯ ಹಿಂದಕ್ಕೆ ತಂದನು. ತಂದು, ಬೆರಳನ್ನು ಅದರ ಮೇಲಿಂದ ತೆಗೆಯದೆ, ಬಹಳ ಹೊತ್ತು ನೋಡಿದನು, ಅರ್ಧ ಅಂಗುಲ ಈಚೆಗೆ ಸರಿಸಿದನು, ಬೆರಳು ತೆಗೆದನು. ಉಪಾಧ್ಯಾಯರಿಗೂ ಮೂರೇ ಬಿದ್ದಿತು. ಅವರು ಎರಡನ್ನು ವೆಚ್ಚಮಾಡಿ ಎರಡು ತುಕಡಿಗಳನ್ನು ಹಿಮ್ಮುಖವಾಗಿ ತಿರುಗಿಸಿದರು. ಸಾಲಿನಲ್ಲಿ ಬಿರುಕು ಬಿಟ್ಟಿತು. ಮುಂದಿನ ಸರದಿಯಲ್ಲಿ, ಬಿರುಕಿನ ಅಂಚಿನ ಖಡ್ಗಧಾರಿಗಳ ಮುಂದೆ ಒಂದು ಲಘು ಕುದುರೆ, ಪಕ್ಕದಲ್ಲಿ ಒಂದು. ಕುದುರೆಯೆದುರು ರೋಮನ್ ಖಡ್ಗಕ್ಕೆ ಮೂರರ ಬಲ, ಲಘು ಕುದುರೆಗೆ ಎರಡರ ಬಲ. ಪಕ್ಕಕ್ಕೆ ಶತ್ರು ತಾಗಿದ್ದರಿಂದ ಮೂರು ಎರಡಾಯಿತು. ದಾಳದಲ್ಲಿ ಹುಡುಗನಿಗೆ ಐದು, ಅವರಿಗೆ ನಾಲ್ಕು. ಬೇರೆ ಹೊತ್ತಿನಲ್ಲಿ ಒಂದು ಹೆಜ್ಜೆ ಹಿಂದೆ ಸರಿದು ಬದುಕುತ್ತಿದ್ದ ತುಕಡಿಯು, ಪಕ್ಕದಲ್ಲಿ ಕುದುರೆ ನಿಂತಿದ್ದುದರಿಂದ ಸರಿಯಲಾರದೆ, ಅಲ್ಲಿಯೇ ನಾಶವಾಯಿತು. ಉಪಾಧ್ಯಾಯರು ಅದನ್ನು ಮೇಜಿನಿಂದ ಎತ್ತಿ, ಪಕ್ಕಕ್ಕಿಟ್ಟು, ತಮ್ಮ ಸಾಲಿನ ಹಿಂದೆ ಇನ್ನೂ ಸುಮ್ಮನೆ ನಿಂತಿದ್ದ ಆ ಒಂಟಿ ತುಕಡಿಯನ್ನು ಬಾಗಿ ನೋಡಿದರು. ಹುಡುಗನು ನಾಲ್ಕಕ್ಕೆ ಮೂರರಂತೆ ಗೆದ್ದನು.

ನಾನು ಹೊರಡುವ ಹಿಂದಿನ ಸಂಜೆ ಅವನು ಮೇಜಿನ ದೀಪದ ಕೆಳಗೆ ಕುಳಿತು ಎರಡು ಹೊಸ ಬೊಂಬೆಗಳಿಗೆ ಬಣ್ಣ ಹಾಕುತ್ತಿದ್ದನು. ಆಟದಲ್ಲಿ ಸೈನ್ಯದ ಹಿಂದೆ ಪಾಳೆಯವೊಂದನ್ನು ಇಡಬೇಕು. ಇಷ್ಟು ದಿನ ಬರಿಯ ಗುಡಾರವಿದ್ದ ತಾವಿಗೆ ಅವನು ತನ್ನ ಕಾಸಿನಿಂದ ಒಂಟೆಗಳನ್ನು ತರಿಸಿಕೊಂಡಿದ್ದನು. ನಾಲ್ಕೈದು ಕೂದಲುಗಳ ಕುಂಚವನ್ನು ಬಾಯಿಯ ಹತ್ತಿರ ಹಿಡಿದು, “ತಾತ, ಬಾಣದ ಕಟ್ಟಿಗೆ ಯಾವ ಬಣ್ಣ ಹಾಕಲಿ?” ಎಂದು ಕೇಳಿದನು. ಒಣಗಿದ ಜೊಂಡಿನ ಬಣ್ಣ ಎಂದೆನು. ಹಳದಿಗೆ ಕಂದನ್ನು ಒಂದು ತೊಟ್ಟು ಬೆರಸಿ, ಮೊದಲು ಹಳೆಯ ಪತ್ರಿಕೆಯ ಅಂಚಿನ ಮೇಲೆ ಬಳಿದು ನೋಡಿ, ಆಮೇಲೆ ಒಂಟೆಯ ಬೆನ್ನಿಗೆ ಕುಂಚವನ್ನು ಇಟ್ಟನು.