ಔಷಧ ಮತ್ತು ಅಹಿಂಸೆ: ನಿತ್ಯಪುಷ್ಪದ ನಿದರ್ಶನ

ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರಗಳಲ್ಲಿ ಬಿ. ಎಲ್. ರೈಸ್ ಅವರು 1892ರಲ್ಲಿ ಪತ್ತೆ ಮಾಡಿದ ಅಶೋಕನ ಶಾಸನಗಳು, ತಂದೆತಾಯಿಗಳ ಸೇವೆ ಮತ್ತು ಸತ್ಯವಚನಗಳೊಡನೆ ಪ್ರಾಣಿದಯೆಯಲ್ಲಿ ದೃಢವಾಗಿರುವುದನ್ನೂ ಧರ್ಮದ ಗುಣವೆಂದು ಸಾರುತ್ತವೆ. ಅದೇ ಸೀಮೆಯಲ್ಲಿ, ಚಳ್ಳಕೆರೆಯಿಂದ ಮೊಳಕಾಲ್ಮೂರಿನವರೆಗೆ, ಮಳೆ ಕೈಕೊಟ್ಟ ವರ್ಷದಲ್ಲಿಯೂ ಮನೆಯಂಗಳಗಳಲ್ಲಿ ಅರಳುವ ಗಿಡ ನಿತ್ಯಪುಷ್ಪ. ಕಾಶಿ ಕಣಗಿಲೆ ಎಂದೂ ಕರೆಯಲಾಗುವ, ಮಡಗಾಸ್ಕರ್ ಮೂಲದ ಈ ಗಿಡದಿಂದ ಕ್ಯಾನ್ಸರಿಗೆ ಎರಡು ಪ್ರಮುಖ ಔಷಧಗಳು ದೊರೆತಿವೆ. ಅವು ದೊರೆತ ಬಗೆ ಆ ಶಾಸನದ ಮಾತನ್ನು ಪರೀಕ್ಷೆಗೊಡ್ಡುವಂತಹದು.

ಮಧುಮೇಹಕ್ಕೆ ಮದ್ದೆಂದು ಜನರು ಬಳಸುತ್ತಿದ್ದ ಇದರ ಎಲೆಯನ್ನು ಕೆನಡಾದ ವಿಜ್ಞಾನಿಗಳಾದ ನೋಬಲ್ ಮತ್ತು ಬೀರ್ ಪ್ರಯೋಗಶಾಲೆಯಲ್ಲಿ ಪರೀಕ್ಷಿಸಿದರು. ಇಲಿಗಳ ರಕ್ತದಲ್ಲಿನ ಸಕ್ಕರೆ ತಗ್ಗಲಿಲ್ಲ. ಎಲೆಯ ಸಾರವನ್ನು ಚುಚ್ಚಿದಾಗ ಅವುಗಳ ಬಿಳಿ ರಕ್ತಕಣಗಳು ಕುಸಿದವು, ಇಲಿಗಳು ಸೋಂಕು ತಗಲಿ ಸತ್ತವು. ಬಿಳಿಕಣಗಳು ಮಿತಿಮೀರುವ ರಕ್ತದ ಕ್ಯಾನ್ಸರಿಗೆ ಇದೇ ಮದ್ದಾದೀತೆಂಬ ಆಸೆ ಅಲ್ಲಿ ಹುಟ್ಟಿತು. 1958ರಲ್ಲಿ ಅವರು ವಿನ್‌ಬ್ಲಾಸ್ಟಿನ್ ಅನ್ನು ಲೋಕಕ್ಕೆ ತಿಳಿಸಿದರು. ವಿನ್‌ಕ್ರಿಸ್ಟಿನ್ 1963ರಲ್ಲಿ ಅಮೆರಿಕದಲ್ಲಿ ಅನುಮತಿ ಪಡೆಯಿತು. ಹಿಂದೆ ಕೆಲವೇ ತಿಂಗಳುಗಳಲ್ಲಿ ಅಸುನೀಗುತ್ತಿದ್ದ ರಕ್ತಕ್ಯಾನ್ಸರಿನ ಮಕ್ಕಳಲ್ಲಿ ಬಹುಪಾಲು ಇಂದು, ಇದೂ ಸೇರಿದ ಚಿಕಿತ್ಸೆ ಸಕಾಲದಲ್ಲಿ ದೊರೆತಲ್ಲಿ, ಬದುಕುಳಿಯುತ್ತಾರೆ.

ಜಿಜ್ಞಾಸೆ ಇರುವುದು ಇಲ್ಲಿಯೇ. ಶ್ರಾವಕನ ಅಣುವ್ರತವು ಸಂಕಲ್ಪಪೂರ್ವಕವಾದ ತ್ರಸಹಿಂಸೆಯನ್ನು ನಿಷೇಧಿಸುತ್ತದೆ. ಸ್ಥಾವರಹಿಂಸೆಯನ್ನು ಅನಿವಾರ್ಯದ ಮಿತಿಯಲ್ಲಿರಿಸುತ್ತದೆ. ಒಂದು ಗ್ರಾಂ ವಿನ್‌ಬ್ಲಾಸ್ಟಿನ್‌ಗೆ ಸುಮಾರು 500 ಕಿಲೋ ಒಣ ಎಲೆ ಬೇಕೆನ್ನುತ್ತಾರೆ. ಎಲೆಯ ಬದಲು ಯೀಸ್ಟಿನ ನೆರವಿನಿಂದ ಅದನ್ನು ಪಡೆಯುವ ಮಾರ್ಗವನ್ನು 2022ರಲ್ಲಿ ವಿಜ್ಞಾನಿಗಳು ತೋರಿಸಿದ್ದಾರೆ. ಸೂಕ್ಷ್ಮಜೀವಿಗಳ ಹಾನಿ ಅಲ್ಲಿಯೂ ತಪ್ಪದು. ಆದರೆ ಇವೆರಡೂ ಗೃಹಸ್ಥನ ಮಿತಿಯೊಳಗಿನ ಪ್ರಶ್ನೆಗಳು.

ಇಲಿಯಾದರೋ ಪಂಚೇಂದ್ರಿಯ ಜೀವಿ. ಅದಕ್ಕೆ ಸೂಜಿ ಚುಚ್ಚಿದ್ದು ಸಂಕಲ್ಪಪೂರ್ವಕವಾಗಿಯೇ. ಹಾಗೆಂದು ತಂದೆಯೊಬ್ಬನು ತನ್ನ ಮಗುವಿಗೆ ಈ ಔಷಧವನ್ನು ಬೇಡವೆನ್ನಬೇಕೆ? ಬೇಡವೆಂದರೆ ಸತ್ತ ಇಲಿ ಮರಳಿ ಬಾರದು, ಮಗುವೂ ಉಳಿಯದು. ಆದರೆ ಮಗು ಉಳಿಯಿತೆಂಬ ಕಾರಣಕ್ಕೆ ಹಿಂಸೆಯೇ ಅಹಿಂಸೆಯಾಯಿತೆನ್ನುವುದೂ ಸಲ್ಲದು. ಜಮೆಯ ಕಡೆಯ ಮೊತ್ತ ಎಷ್ಟೇ ದೊಡ್ಡದಿರಲಿ, ಖರ್ಚಿನ ಕಡೆ ಬರೆದುದನ್ನು ಅಳಿಸುವ ಅಧಿಕಾರ ಲೆಕ್ಕ ಬರೆಯುವವನಿಗಿಲ್ಲ.

ಔಷಧವನ್ನು ಸ್ವೀಕರಿಸಿದವನ ಮೇಲೆ ಋಣವೊಂದು ಉಳಿಯುತ್ತದೆ. ನಡೆದ ಹಿಂಸೆಯನ್ನು ಹಿಂಸೆಯೆಂದೇ ಕರೆಯುವುದು, ಮುಂದೆ ನಡೆಯಲಿರುವುದನ್ನು ತಗ್ಗಿಸಲು ಧನವನ್ನೂ ಧ್ವನಿಯನ್ನೂ ನೀಡುವುದು: ಇದೇ ಆ ಋಣದ ಸಂದಾಯ. 2023ರಲ್ಲಿ ಭಾರತ ಸರ್ಕಾರವು ಹೊಸ ಔಷಧಗಳ ನಿಯಮಗಳಿಗೆ ತಿದ್ದುಪಡಿ ತಂದು, ಪ್ರಾಣಿಗಳ ಬದಲು ಮಾನವ ಜೀವಕೋಶಗಳ ಮೇಲೆ ನಡೆಸುವಂತಹ ಪರೀಕ್ಷೆಗಳಿಗೂ ಮಾನ್ಯತೆ ನೀಡಿತು. ದಾನಶೀಲರು ಆಸ್ಪತ್ರೆಗಳಿಗೆ ಕೊಡುವಂತೆ ಇಂತಹ ಸಂಶೋಧನೆಗೂ ಕೊಟ್ಟಲ್ಲಿ, ಔಷಧದಾನವು ಅಭಯದಾನವೂ ಆದೀತು.